ಮಿದುಳಿನೊಳಗಿನ ಕಂಬಳಿಗಾರರು

ಯಾಂಜ್ಮಾ ಅಜ್ಜಿಯ ಮನೆಯಲ್ಲಿ ಅಂದು ಮೊಮ್ಮಗನನ್ನು ಮೀಯಿಸುವ ಹಬ್ಬ. ಹುಲ್ಲುಗಾವಲ ನಾಡಾದ ನಮ್ಮ ಅರ್ಖಾಂಗೈ ಸೀಮೆಯಲ್ಲಿ ಕುರಿಮೂಳೆಯ ತಿಳಿಸಾರಿನಿಂದ ಕೂಸಿನ ಮೈ ತೊಳೆದು, ಬಂಧುಗಳ ಎದುರಿಗೆ ಕಿವಿಯಲ್ಲಿ ಹೆಸರು ಹೇಳಿದ ಮೇಲೆಯೇ ಅದು ಮನೆತನಕ್ಕೆ ಸೇರಿದಂತೆ. ಈ ಕೂಸು ತಿಂಗಳು ತುಂಬುವ ಮುನ್ನವೇ ಹುಟ್ಟಿ, ಬಹುಕಾಲ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಈಚೆಗಷ್ಟೇ ಮನೆ ಸೇರಿತ್ತು. ಅದರೊಡನೆ ಆಮ್ಲಜನಕ ಕೊಡುವ ಯಂತ್ರವೂ ಬಂದಿತ್ತು. ಪಾದಕ್ಕೆ ರಕ್ತದಲ್ಲಿನ ಆಮ್ಲಜನಕ ಅಳೆಯುವ ಪಟ್ಟಿ, ಮೂಗಿಗೊಂದು ಸಣ್ಣ ನಳಿಕೆ. ಆ ನಳಿಕೆಯೇ ಜಗಳದ ಮೂಲವಾಯಿತು.

“ಊರಿಗೂರೇ ಬರ್ತಿದೆ. ಮೂಗುದಾರ ಹಾಕಿದ ಒಂಟೆಮರಿ ಥರ ಮೊಮ್ಮಗನ್ನ ತೋರಿಸ್ಲಾ? ಸ್ನಾನ ಮುಗಿಯೋ ತನಕ ತೆಗ್ದಿಡು” ಎಂದಳು ಅಜ್ಜಿ.

“ಅತ್ತೆ, ಕೇಳದೆ ತೆಗೀಬೇಡಿ ಅಂತ ನರಾ ಹೇಳಿದಾಳೆ” ಎಂದಳು ಸೊಸೆ ಉಯಂಗಾ. ನರಾ, ಅಂದರೆ ನರಂಚಿಮೆಗ್, ಊರಿನ ಆರೋಗ್ಯ ಕೇಂದ್ರದ ದಾದಿ.

“ನಿನ್ನ ಗಂಡನ್ನ ಹುಲ್ಲುಗಾವಲಲ್ಲಿ ಹೆತ್ತೋಳು ನಾನು. ಅವನಿಗ್ಯಾವ ಮಿಷನ್ನು ಗಾಳಿ ಊದಿತ್ತು? ಕೆನ್ನೆ ನೋಡು, ಹೇಗೆ ಕೆಂಪಗಿದೆ!”

ಉಯಂಗಾ ತಿಳಿಸಾರು ತರಲು ಹೊರಕೋಣೆಯ ಒಲೆಯತ್ತ ಹೋದಳು. ನೆಂಟರ ಕುದುರೆಗಳ ಸದ್ದು ಅಂಗಳದಲ್ಲಿ ಕೇಳಿಸಿತು. ಅಜ್ಜಿ ಮೆಲ್ಲನೆ ನಳಿಕೆಯನ್ನು ಕಳಚಿ ದಿಂಬಿನಡಿ ಸೇರಿಸಿದಳು.

ಕೆಲಹೊತ್ತಿನಲ್ಲೇ ಯಂತ್ರ ಚೀರತೊಡಗಿತು! ಪರದೆಯ ಮೇಲಿನ ಅಂಕಿ ಸರಸರನೆ ಇಳಿಯುತ್ತಿತ್ತು. ಕೂಸಿನ ತುಟಿಯ ಬಣ್ಣ ಮಂಕಾಯಿತು. ಹಬ್ಬಕ್ಕೆಂದು ಹೊಸ ನಿಲುವಂಗಿ ತೊಟ್ಟು ಬಂದಿದ್ದ ನರಾ ಹೊಸ್ತಿಲು ದಾಟಿದವಳೇ ಓಡಿಬಂದು ನಳಿಕೆಯನ್ನು ಮತ್ತೆ ಮೂಗಿಗೆ ಸೇರಿಸಿದಳು. ಎಲ್ಲರೂ ನೋಡುತ್ತಿದ್ದಂತೆ ಅಂಕಿ ನಿಂತಿತು, ಬಳಿಕ ಏರಿತು!

“ಇನ್ನೂ ಬೇಗ ಏರ್ಲಿ!” ಎನ್ನುತ್ತ ಹಿರಿಯ ನೆಂಟ ದಾಂಬಾ ಯಂತ್ರದ ಗುಂಡಿಗೆ ಕೈಹಾಕಿದ. ನರಾ ಅವನ ಮಣಿಕಟ್ಟು ಹಿಡಿದಳು.

“ದಾಂಬಾ ಮಾವ, ಕೈ ತೆಗೀರಿ!”

“ಅಲ್ವೇ, ಕಮ್ಮಿ ಆದ್ರೂ ಬೈತೀಯ, ಜಾಸ್ತಿ ಮಾಡಿದ್ರೂ ಬೈತೀಯ. ಕೂಸಿಗೆ ಗಾಳೀನೂ ಅಳೆದು ಕೊಡೋಷ್ಟು ಜಿಪುಣರೇನೇ ನಾವು?”

ನರಾ ನಕ್ಕು ಅಜ್ಜಿಯತ್ತ ತಿರುಗಿದಳು. “ಅಜ್ಜೀ, ಕೆನ್ನೆ ಕೆಂಪಗಿದ್ರೆ ಸಾಲ್ದು. ಮಿದುಳಲ್ಲಿ ಎಳೆ ಎಳೆಯಾಗಿ ನರ ಇರುತ್ತೆ. ಒಂದೊಂದು ಎಳೆಗೂ ಕಂಬಳಿ ಸುತ್ತೋ ಜೀವಕೋಶಗಳಿವೆ. ಆ ಕಂಬಳಿಗೆ ಮೈಲಿನ್ ಅಂತಾರೆ. ಅದಿದ್ರೇನೇ ತಲೆಯ ಮಾತು ಕೈಕಾಲಿಗೆ ಸರಿಯಾಗಿ ಮುಟ್ಟೋದು. ಬೇಗ ಹುಟ್ಟಿದ ಕೂಸಲ್ಲಿ ಈ ಕಂಬಳಿಗಾರರು ಇನ್ನೂ ಕಲೀತಿರೋ ಎಳೇ ಮಕ್ಕಳು. ಆಮ್ಲಜನಕ ಪದೇ ಪದೇ ಕಮ್ಮಿ ಆದ್ರೆ ಕೆಲಸ ಕಲೀದೇ ಹಾಗೇ ಉಳಿದುಬಿಡ್ತಾರೆ. ಅತಿಯಾದ್ರೆ, ಅದೇ ಅವರನ್ನ ಸುಡುತ್ತೆ.”

ಅಜ್ಜಿಯ ಕಣ್ಣು ಅರಳಿತು. ಬಿಸಿನೀರು ಚಿಮುಕಿಸಿ ಉಣ್ಣೆಯನ್ನು ಸುರುಳಿ ಸುತ್ತಿ, ಬಡಿದು ಕಂಬಳಿ ಮಾಡುವುದರಲ್ಲಿ ಆ ಕಣಿವೆಯಲ್ಲಿ ಅವಳಿಗೆ ಸಮನಿರಲಿಲ್ಲ.

“ಅಯ್ಯೋ ಮಗಳೇ, ಇದು ನನ್ನ ಕೆಲ್ಸಾನೇ! ನೀರು ಕಮ್ಮಿ ಆದ್ರೆ ಉಣ್ಣೆ ಒಂದಕ್ಕೊಂದು ಕಚ್ಕೊಳ್ಳಲ್ಲ. ಸುರಿದ್ರೆ ಹಾಸಿದ್ದೆಲ್ಲ ಕೊಚ್ಕೊಂಡು ಹೋಗುತ್ತೆ!” ಎಂದವಳು ಮರುಕ್ಷಣವೇ ಕೂಸಿನತ್ತ ಬಾಗಿ ಅದರ ತಲೆ ಸವರಿದಳು. “ಈಗ ನಾನು ತೆಗೆದ್ನಲ್ಲ... ನನ್ನ ಕೂಸಿನ ಕಂಬಳಿ?”

“ಬೇಗ ಹಾಕಿದ್ವಿ, ಅಂಕಿ ನೆಟ್ಟಗಿದೆ. ಡಾಕ್ಟರಿಗೂ ಈಗಲೇ ಹೇಳ್ತೀನಿ. ಆದ್ರೆ ಇದು ದಿನಾ ನಡೆದ್ರೆ ಮಗು ನಡೆಯೋದು, ಮಾತು ಕಲಿಯೋದು ಹಿಂದೆ ಬೀಳಬಹುದು ಅಜ್ಜೀ.”

ನಳಿಕೆ ಮೂಗಿನಲ್ಲಿದ್ದಂತೆಯೇ, ಬೆಚ್ಚನೆಯ ತಿಳಿಸಾರಿನಲ್ಲಿ ಅದ್ದಿದ ಬಟ್ಟೆಯಿಂದ ಕೂಸಿನ ಮೈ ಒರೆಸಿದರು. ದಾಂಬಾ ಬಾಗಿ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದ: “ತೆಮೂಲೆನ್!” ಕೂಸು ಕಾಲು ಝಾಡಿಸಿತು, ಮನೆ ನಗೆಯಿಂದ ತುಂಬಿತು.

ತಡವಾಗಿ ಬಂದ ನೆರೆಯಾಕೆಯೊಬ್ಬಳು, “ಇದೇನಿದು ಮೂಗಲ್ಲಿ? ಪಾಪ, ತೆಗೀಬಾರ್ದಾ?” ಎಂದು ಕೈಚಾಚಿದಳು.

“ಮುಟ್ಟೀಯೆ ಜೋಕೆ!” ಎಂದು ಗುಡುಗಿದಳು ಅಜ್ಜಿ. “ನನ್ನ ಮೊಮ್ಮಗನ ತಲೇಲಿ ಕಂಬಳಿ ಕೆಲ್ಸ ನಡೀತಿದೆ. ಮೊದ್ಲು ಕೈ ತೊಳ್ಕೊಂಡು ಬಾ, ಆಮೇಲೆ ಮುದ್ದು ಮಾಡು!”

ಓದುವ ತಾಯಂದಿರೇ, ಅಜ್ಜಿಯರೇ, ನಿಮ್ಮ ಮನೆಗೂ ಇಂತಹ ಎಳೆಗೂಸು ಬಂದಿರಬಹುದು. ವೈದ್ಯರು ಇಟ್ಟ ನಳಿಕೆಯನ್ನು ನೀವಾಗಿ ಕಳಚಬೇಡಿ. ಗುಂಡಿಯನ್ನು ನೀವಾಗಿ ಏರಿಸಲೂ ಬೇಡಿ, ಇಳಿಸಲೂ ಬೇಡಿ. ಬೆಂಕಿ, ಹೊಗೆ, ಬೀಡಿ ಅದರ ಸನಿಹ ಸುಳಿಯದಿರಲಿ. ಅಂಕಿ ಇಳಿದರೆ, ತುಟಿ ನೀಲಿಯಾದರೆ, ಕೂಸು ಎದೆ ಒಳಕ್ಕೆ ಸೆಳೆದು ಉಸಿರಾಡಿದರೆ, ಕ್ಷಣವೂ ಕಾಯದೆ ವೈದ್ಯರನ್ನು ಕರೆಯಿರಿ. ನೆಂಟರ ಕಣ್ಣಿಗೆ ಚೆಂದ ಕಾಣುವುದು ಒಂದು ಹೊತ್ತಿನ ಮಾತು. ಮಗುವಿಗೆ ಅದರ ಮಿದುಳು ಬಾಳಿನುದ್ದಕ್ಕೂ ಬೇಕು.