ಉಪ್ಪು ಸರಿಯಾಗಿದೆ

ಟೈಲರನ ಹೆಂಡತಿಗೆ ಜಗಳ ಬಾಯಲ್ಲಿ ಬರುತ್ತಿರಲಿಲ್ಲ, ಕೈಯಲ್ಲಿ ಬರುತ್ತಿತ್ತು. ಸಿಟ್ಟು ಬಂದರೆ ಬೇಳೆಗೆ ಉಪ್ಪು ಹೆಚ್ಚಿಗೆ ಬೀಳುವುದು. ಸಣ್ಣ ಸಿಟ್ಟಿಗೆ ಚಿಟಿಕೆ. ಅವನ ತಂಗಿಯ ಮಾತು ಬಂದ ದಿನ ಹಿಡಿ! ಅವನು ಕಮಕ್ ಕಿಮಕ್ ಎನ್ನದೆ ಉಂಡು, ಚೊಂಬು ನೀರು ಖಾಲಿ ಮಾಡಿ, "ಉಪ್ಪು ಸರಿಯಾಗಿದೆ ಕಣೇ" ಎನ್ನಬೇಕು, ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗಬೇಕು. ಅಲ್ಲಿಗೆ ರಾಜಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರಲ್ಲ, ಇವರದು ಮಲಗುವ ತನಕವೂ ಹೋಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಶಾಲೆಗಳು ತೆರೆಯುವ ವಾರ ಅವಳ ಅಕ್ಕನಿಗೆ ಕಾಯಿಲೆ ಜೋರಾಗಿದೆ ಎಂದು ಫೋನ್ ಬಂತು. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಅಂಗಡಿಯಲ್ಲಿ ಯೂನಿಫಾರಂ ಗುಡ್ಡೆ ಬಿದ್ದಿತ್ತು. ಕಾಜಾ ಹಾಕಿ ಗುಂಡಿ ಹೊಲಿಯುವವಳು ಅವಳೊಬ್ಬಳೇ.

"ಸೋಮವಾರ ಡೆಲಿವರಿ ಕೊಟ್ಮೇಲೆ ಇಬ್ಬರೂ ಹೋಗೋಣ. ನಿಮ್ಮಕ್ಕ ಎಲ್ಲಿಗೆ ಓಡಿಹೋಗ್ತಾರೆ?" ಎಂದುಬಿಟ್ಟ. ನಾಲಿಗೆಗೆ ಎಲುಬಿಲ್ಲ ನೋಡಿ. ಅಕ್ಕ ಶನಿವಾರವೇ ಹೋದಳು.

ಅಕ್ಕನ ಕಾರ್ಯವೆಲ್ಲ ಮುಗಿಸಿ ಬಂದ ಮರುದಿನ ಊಟಕ್ಕೆ ಕೂತಾಗ ಅವನು ನೀರಿನ ಚೊಂಬನ್ನು ಮೊದಲೇ ಹತ್ತಿರ ಇಟ್ಟುಕೊಂಡ. ಡಬ್ಬಿ ಉಪ್ಪನ್ನೇ ಸುರಿದಿರುತ್ತಾಳೆ. ಸುರಿಯಲಿ, ಒಂದಗುಳು ಬಿಡದೆ ತಿನ್ನುತ್ತೇನೆ ಎಂದುಕೊಂಡಿದ್ದ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆದರೆ ಬಾಯಿಗಿಟ್ಟರೆ, ಬೇಳೆ ಹದವಾಗಿತ್ತು! ಉಪ್ಪು, ಹುಳಿ, ಖಾರ ಒಂದೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮರುದಿನವೂ ಅಷ್ಟೇ. ಮೂರು ತಿಂಗಳಾದರೂ ಅಷ್ಟೇ. ಊಟದ ಹೊತ್ತಿಗೆ ಬಂದ ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ಎರಡು ತುತ್ತು ತಿಂದು, "ಏನ್ ಕೈರುಚಿ ಮಾರಾಯ, ಪುಣ್ಯವಂತ ನೀನು" ಎಂದಾಗ ಟೈಲರನಿಗೆ ಅಳು ಬಂತು. ಪುಣ್ಯವಂತನಂತೆ! ಬೈಸಿಕೊಳ್ಳುವ ಭಾಗ್ಯವೂ ಇಲ್ಲದವನು.

ಕೊನೆಗೊಂದು ಮಧ್ಯಾಹ್ನ, ಅವಳು ನಲ್ಲಿಯ ಹತ್ತಿರ ಹೋಗಿದ್ದಾಗ, ತಾನೇ ಬೇಳೆಗೆ ಹಿಡಿ ಉಪ್ಪು ಸುರಿದು ಕಲಕಿದ. ಇಬ್ಬರೂ ಊಟಕ್ಕೆ ಕೂತರು. ಅವಳು ಒಂದು ತುತ್ತು ತಿಂದು, ಇನ್ನೊಂದು ತುತ್ತು ಕಲಸಿದಳು.

"ಉಪ್ಪು ಜಾಸ್ತಿ ಆಗಿಲ್ವೇನೇ?"

"ಆಗಿದೆ. ನಿಮಗೆ ಬಿಪಿ ಇದೆ, ತಿನ್ಬೇಡಿ. ಮೊಟ್ಟೆ ಬೇಯಿಸಿಕೊಡ್ತೀನಿ."

"ನಾನೇ ಕಣೇ ಹಾಕಿದ್ದು. ನೀನು ಹಾಕ್ತೀಯ, ಹಾಕ್ತೀಯ ಅಂತ ಕಾದೂ ಕಾದೂ..." ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ಅವತ್ತು ನಿನ್ನ ಕಳಿಸ್ಬೇಕಿತ್ತು. ತಪ್ಪಾಯ್ತು. ಬೈಯೇ, ಒಂದ್ಸಲ ಬಾಯ್ತುಂಬ ಬೈದುಬಿಡೇ."

ಅವಳು ಅವನ ಮುಖ ನೋಡಿದಳು, ಅಳತೆ ಕೊಡಲು ಬಂದ ಗಿರಾಕಿಯನ್ನು ನೋಡುವ ಹಾಗೆ.

"ಬೈಯೋಕೇನಿದೆ ರೀ? ಆಗಿದ್ದು ಆಯ್ತಲ್ಲ." ತಟ್ಟೆ ಎತ್ತಿಕೊಂಡು ಎದ್ದಳು. "ನಾಳೆಗೆ ಎಷ್ಟು ಶರ್ಟಿಗೆ ಕಾಜಾ ಹಾಕ್ಬೇಕು? ಈಗ್ಲೇ ಹೇಳಿಬಿಡಿ."