ಇಂಗಿನ ಡಬ್ಬಿಯಲ್ಲಿ ಚೀಸು

ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ದನಕ್ಕೆ ಹಾಕುವ ಮನೆಯದು. ಅಂಥ ಮನೆಯ ಅಡುಗೆಮನೆಗೆ ನೀರಜಾ ಎರಡು ವರ್ಷ ಹಳೆಯ ಚೀಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳೆಂದರೆ, ಅವಳು ಎಷ್ಟು ಕಂಗೆಟ್ಟಿದ್ದಳೆಂದು ನೀವೇ ಊಹಿಸಿಕೊಳ್ಳಿ. ಪಕ್ಕದ ಕ್ವಾರ್ಟರ್ಸಿನವಳಾದ ನನಗೆ ಅವಳೇ ಆಮೇಲೆ ಇದನ್ನೆಲ್ಲ ಹೇಳಿದಳು.

ಗಂಡ ತಿರುಮಲ ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಎಂಜಿನಿಯರ್. ಮಿದುಳಿನಲ್ಲಿ ಕ್ಯಾನ್ಸರ್ ಗೆಡ್ಡೆ. ಆಪರೇಷನ್ನಿನಲ್ಲಿ ಪೂರ್ತಿ ತೆಗೆಯಲಾಗದೆ ಉಳಿದದ್ದಕ್ಕೆ ಮಾತ್ರೆ ನಡೆದಿತ್ತು. ನೀರಜಾ ಮೊಬೈಲಿನಲ್ಲಿ ಓದಿದ್ದಳು: ಹಳೆಯ ಚೀಸಿನಲ್ಲಿರುವ ಒಂದು ಅಂಶ ಇಲಿಗಳ ಲಿವರಿನಲ್ಲಿ ಕ್ಯಾನ್ಸರನ್ನು ತಡೆಯಬಹುದು. ಇಲಿ, ಲಿವರು, 'ಬಹುದು', ಈ ಮೂರನ್ನೂ ಬಿಟ್ಟು ಉಳಿದದ್ದನ್ನು ನಂಬಿದಳು. ನನಗೆ ಅವಳ ಮೇಲೆ ಸಿಟ್ಟು ಬರುವುದು ಇಲ್ಲೇ. ಆದರೆ ಗಂಡ ಕಣ್ಣೆದುರೇ ಕರಗುವುದನ್ನು ನೋಡುತ್ತಿದ್ದವಳು ನಾನಲ್ಲ, ಅವಳು.

ಹಂಪಿಯ ಹೋಟೆಲೊಂದರಲ್ಲಿ ವಿದೇಶಿಯರಿಗೆ ಅಡುಗೆ ಮಾಡುವ ಹೊನ್ನೂರಸ್ವಾಮಿ ಚೀಸು ತಂದುಕೊಟ್ಟ.

"ಫಾರಿನ್ನವ್ರು ಮಸ್ತ್ ತಿಂತಾರ್ರಿ ಅಕ್ಕಾರ. ವಾಸ್ನಿ ಮಾತ್ರ ಸ್ವಲ್ಪ ತಡ್ಕೊಬೇಕು" ಎಂದ.

ವಾಸನೆ ಮುಚ್ಚಲು ಅದನ್ನು ಇಂಗಿನ ಡಬ್ಬಿಯಲ್ಲಿಟ್ಟಳು. ಮಡಿಯುಟ್ಟು ಒಲೆಯ ಮುಂದೆ ನಿಂತ ಅತ್ತೆ ಮೂಗೆಳೆದರು.

"ಈ ಸಲದ ಇಂಗು ಯಾಕೋ ಕೆಟ್ಟದ ನೋಡು ನೀರಜಾ."

"ಹೊಸಾ ಅಂಗಡೀದ್ರಿ ಅತ್ತೆ" ಎಂದು ಸುಳ್ಳು ಹೇಳಿದಳು. ಅತ್ತೆ ಆಚೆ ಹೋದ ಮೇಲೆ ಚೀಸನ್ನು ತುರಿದು, ಗಂಡನಿಗೂ ತಿಳಿಯದಂತೆ ಇಂಗಿನ ಒಗ್ಗರಣೆಯ ಜೊತೆ ಅವನ ಮೊಸರನ್ನಕ್ಕೆ ಕಲಸಿದಳು.

ಕೆಲವೇ ದಿನಗಳಲ್ಲಿ ಊಟವಾದೊಡನೆ ತಿರುಮಲನಿಗೆ ತಲೆನೋವು, ಬೆವರು ಶುರುವಾಯಿತು. "ಹೆಡಕಿನಾಗ ಸಿಡಿದಂಗ ಆಗ್ಲಿಕ್ಕತ್ತದ" ಎಂದು ಕುತ್ತಿಗೆ ಹಿಡಿದು ಮಲಗುತ್ತಿದ್ದ. ಗೆಡ್ಡೆ ಬೆಳೆಯುತ್ತಿದೆ ಎಂದೇ ನೀರಜಾ ತಿಳಿದಳು. ನೋವು ಹೆಚ್ಚಿದಷ್ಟೂ ಅವಳು ತುರಿಯುವ ಚೀಸು ಹೆಚ್ಚಿತು. ಹೊಸಪೇಟೆಗೆ ತಪಾಸಣೆಗೆ ಹೊರಟ ದಿನವಂತೂ ಹೆದರಿಕೆಯಲ್ಲಿ ಉಳಿದದ್ದನ್ನೆಲ್ಲ ತುರಿದು ಬಡಿಸಿದಳು.

ಡಾಕ್ಟರು ಬಿ.ಪಿ. ನೋಡಿದರು. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದರು.

"ಇಷ್ಟ್ಯಾಕ ಏರೇದ? ಈ ಮಾತ್ರಿ ತಗೊಳ್ಳೋರು ಹಳೇ ಚೀಸ್ ತಿಂದ್ರ ಬಿ.ಪಿ. ಏರಿ ತಲ್ಯಾಗ ನರ ಒಡದು ಜೀವಕ್ಕ ಅಪಾಯ ಅಂತ ಮೊದಲ್ನೇ ದಿನಾನ ಹೇಳಿದ್ನೆಲ್ರಿ. ತಿಂದೀರೇನು?"

ಆ ಮೊದಲ ದಿನ ನೀರಜಾ ಹೊರಗೆ ಔಷಧದ ಸಾಲಿನಲ್ಲಿದ್ದಳು. ತಿರುಮಲ ಈ ಮಾತನ್ನು ಮನೆಗೆ ತಂದಿರಲಿಲ್ಲ. ತಮ್ಮಂಥ ಮನೆಯಲ್ಲಿ ಅದನ್ನು ಹೇಳುವುದೇನೆಂದು ಬಿಟ್ಟಿದ್ದ. ಈಗಲೂ ನಕ್ಕ.

"ನಾವು ವೈಷ್ಣವರ್ರೀ ಡಾಕ್ಟ್ರ. ನಮ್ಮ ಮನ್ಯಾಗ ತಂಗಳನ್ನಾನ ಉಣ್ಣಂಗಿಲ್ಲ, ಇನ್ನ ಹಳೇ ಚೀಸ್ ಎಲ್ಲಿಂದ ಬರಬೇಕು?"

"ಹಂಗಾರ ಗೆಡ್ಡೀನ ಒತ್ಲಿಕ್ಕತ್ತಿರಬೇಕು. ಸ್ಕ್ಯಾನ್ ಮಾಡಿಸೋಣ" ಎಂದು ಡಾಕ್ಟರು ಚೀಟಿ ಬರೆಯತೊಡಗಿದರು.

ಹೇಳಿದರೆ ಅತ್ತೆ ನೀರಜಾಳನ್ನು ಮತ್ತೆ ಒಲೆಯ ಹತ್ತಿರ ಸೇರಿಸುವುದಿಲ್ಲ. ಅತ್ತೆಯ ಮುಖ ನೆನೆದು ಸುಮ್ಮನೆ ಕೂತಳು. ಹಾಗೆ ಕೂತದ್ದನ್ನು ನಾನಂತೂ ಕ್ಷಮಿಸಲಾರೆ, ಅವಳೂ ತನ್ನನ್ನು ಕ್ಷಮಿಸಿಕೊಂಡಿಲ್ಲ. ಚೀಟಿ ಬರೆದು ಮುಗಿದಾಗ ಬಾಯಿಬಿಟ್ಟಳು.

"ನಾನ ಹಾಕೀನ್ರಿ. ದಿನಾ ಮೊಸರನ್ನದಾಗ ಹಾಕ್ತಿದ್ದೆ. ಇವತ್ತ ಬರೋ ಮುಂದ ಭಾಳ ಹಾಕೀನಿ."

ಡಾಕ್ಟರು ಎದ್ದು ನಿಂತು ನರ್ಸನ್ನು ಕೂಗಿದರು. ತಿರುಮಲ ಮಾತ್ರ ಹೆಂಡತಿಯ ಕೈಮೇಲೆ ಕೈಯಿಟ್ಟ.

"ಅಂಜಿ ಏನೇನೋ ಅಂತಾಳ್ರಿ ಸರ. ನಮ್ಮ ನೀರಜಾ ಅಂಥಾದ್ದೆಲ್ಲಾ ಮುಟ್ಟಂಗಿಲ್ಲ."

ಧೈರ್ಯ ಹೇಳುವವನಂತೆ ಅವಳ ಕಡೆ ತಿರುಗಿ ನಕ್ಕ. ನಗು ಬಾಯಿಯ ಒಂದೇ ಬದಿಗೆ ಬಂತು. ಅವಳ ಕೈಮೇಲಿದ್ದ ಅವನ ಕೈ ಜಾರಿ ಕೆಳಗೆ ಬಿತ್ತು.