ಮರುಮುದ್ರಣದ ಸುದ್ದಿ

"ನೀನು ಬರೀದೆ ಇದ್ದಿದ್ರೆ ನಾನು ಮುಳುಗೇ ಹೋಗ್ತಿದ್ದೆ ಮಾರಾಯ!" ಎಂದು ಎತೋ ಅವರು ಇವಾಕಿರಿಯ ಎರಡೂ ಕೈಗಳನ್ನು ಹಿಡಿದುಕೊಂಡರು.

ನಲವತ್ತು ವರ್ಷ ಉಕ್ಕಿನ ಕಾರ್ಖಾನೆಯ ಸದ್ದಿನಲ್ಲಿ ದುಡಿದು ಎತೋ ಅವರ ಕಿವಿ ಅರ್ಧ ಮಂದವಾಗಿತ್ತು. ಹಾಗಾಗಿ ಮಾತು ಯಾವಾಗಲೂ ಜೋರು. ಶನಿವಾರ ಮಧ್ಯಾಹ್ನ ಆಡಲು, ಕೂಡಿಡಲು ಕೊಳ್ಳುವ ಚಿತ್ರದ ಕಾರ್ಡುಗಳನ್ನು ಮಾರುವ ಹಿಸಾಯೆಯ ಮಹಡಿ ಅಂಗಡಿಯಲ್ಲಿ ನಾಲ್ಕೂ ಮೇಜು ಭರ್ತಿಯಾಗಿದ್ದವು. ಆಟದಲ್ಲಿ ಮುಳುಗಿದ್ದವರು ಒಮ್ಮೆ ತಲೆಯೆತ್ತಿ ನೋಡಿ, ಇವಾಕಿರಿಯ ಮುಖ ಕಂಡ ಕೂಡಲೇ ಮತ್ತೆ ತಲೆ ತಗ್ಗಿಸಿದರು. ಅವರಿಗೆಲ್ಲ ಗೊತ್ತಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹಿಸಾಯೆ ಆಗಲೇ ಒರೆಸಿಟ್ಟಿದ್ದ ಗಾಜನ್ನು ಇನ್ನೊಮ್ಮೆ ಒರೆಸತೊಡಗಿದಳು.

ಇವಾಕಿರಿ ಜಪಾನಿನ ಕೊಕುರಾ ನಗರದ ಹೊರಭಾಗದ ಪಾರ್ಸೆಲ್ ಗೋದಾಮಿನ ನೌಕರ. ವಯಸ್ಸು ನಲವತ್ತೊಂದು. ಒಂಬತ್ತು ವರ್ಷದಿಂದ ದಿನವೂ ಕೆಲಸಕ್ಕೆ ಹೊರಡುವ ಮುನ್ನ ಅಂತರ್ಜಾಲದಲ್ಲಿ ಒಂದು ಪಟ್ಟಿ ಹಾಕುತ್ತಿದ್ದ. ಯಾವ ಆಟದ ಹೊಸ ಕಾರ್ಡುಗಳು ಎಂದು ಬರುತ್ತವೆ, ಮುಂಗಡ ಬುಕಿಂಗ್ ಯಾವಾಗ ಶುರು, ಯಾವ ಅಂಗಡಿಯಲ್ಲಿ ಚೀಟಿ ಎತ್ತುತ್ತಾರೆ, ಡಬ್ಬಿಗೆ ಎಷ್ಟು ಬೆಲೆ, ಹಳೆಯ ಯಾವ ಕಾರ್ಡು ಏರುತ್ತಿದೆ, ಯಾವುದು ಇಳಿಯುತ್ತಿದೆ. ಹನ್ನೊಂದು ಸಾವಿರ ಜನ ಅದನ್ನು ಓದುತ್ತಿದ್ದರು. ಎತೋ ಅವರಂತೆ ಫೋನು ನೋಡದವರಿಗಾಗಿ ಹಿಸಾಯೆ ಅದನ್ನು ಮುದ್ರಿಸಿ ಮೆಟ್ಟಿಲ ಗೋಡೆಗೆ ಅಂಟಿಸುತ್ತಿದ್ದಳು. ಕಂಪನಿ ಹೇಳದ್ದನ್ನು ಹಾಕಬಾರದು ಎಂಬುದೊಂದೇ ಅವನು ತನಗೆ ಹಾಕಿಕೊಂಡಿದ್ದ ಕಟ್ಟಳೆ.

ಮೂರು ವಾರದ ಹಿಂದೆ ಅದನ್ನು ಮುರಿದ. ಗುರುತಿಲ್ಲದವರೊಬ್ಬರು ಒಂದು ಫೋಟೊ ಕಳಿಸಿದ್ದರು. ಡಿಸೆಂಬರಿನಲ್ಲಿ ಬರಲಿರುವ ಕಾರ್ಡುಗಳ ಪುಟವಂತೆ. ಅದರಲ್ಲಿ 'ಹಿಮಕೊಕ್ಕರೆ'ಯ ಹೆಸರೂ ಇತ್ತು. ಎಪ್ಪತ್ತು ಸಾವಿರ ಯೆನ್ ಬಾಳುವ ಅಪರೂಪದ ಕಾರ್ಡು. ಅದು ಮತ್ತೆ ಅಚ್ಚಾಗುತ್ತದೆಂದರೆ ಹಳೆಯದಕ್ಕೆ ಬೆಲೆಯಿಲ್ಲ. ಫೋಟೊ ನೋಡಿ ಹಿಸಾಯೆ ಫೋನಿನಲ್ಲಿ, "ಅಕ್ಷರ ಯಾಕೋ ಸೊಟ್ಟ ಕಾಣ್ತಿದೆ ಕಣೋ. ಎರಡು ದಿನ ತಡಿ," ಎಂದಿದ್ದಳು. "ತಡೆದ್ರೆ ಬೇರೆ ಯಾರಾದ್ರೂ ಹಾಕ್ತಾರೆ ಅಕ್ಕಾ," ಎಂದು ಇವಾಕಿರಿ ಊಟದ ಬಿಡುವಿನಲ್ಲಿ, ಪಾರ್ಸೆಲ್ ಪೆಟ್ಟಿಗೆಗಳ ನಡುವೆ ಕೂತು, ಸುದ್ದಿ ಹಾಕಿಬಿಟ್ಟ. ಕೊನೆಗೆ 'ಖಚಿತವಲ್ಲ' ಎಂದು ಸೇರಿಸಿದ. ಸ್ವಲ್ಪ ಹೊತ್ತು ಅದನ್ನೇ ನೋಡಿ ಅಳಿಸಿದ.

ಮೂರೇ ದಿನಕ್ಕೆ ಹಿಮಕೊಕ್ಕರೆ ಹದಿನೆಂಟು ಸಾವಿರಕ್ಕೆ ಇಳಿಯಿತು. ಮೊನ್ನೆ ಗುರುವಾರ ಕಂಪನಿಯ ನಿಜವಾದ ಪಟ್ಟಿ ಬಂತು. ಅದರಲ್ಲಿ ಆ ಕಾರ್ಡಿನ ಸುಳಿವೇ ಇರಲಿಲ್ಲ. ಸಂಜೆಯ ಹೊತ್ತಿಗೆ ಬೆಲೆ ಒಂದು ಲಕ್ಷ ಮೂವತ್ತು ಸಾವಿರ ಮುಟ್ಟಿತ್ತು. ಫೋಟೊ ಕಳಿಸಿದವನ ಖಾತೆ ಮಾಯವಾಗಿತ್ತು. ಇವಾಕಿರಿ ಕ್ಷಮೆ ಕೇಳಿ ಬರೆದ. ಬಂದ ಬೈಗುಳಗಳನ್ನೆಲ್ಲ ಒಂದೂ ಬಿಡದೆ ಓದಿದ. ಆದರೆ ಬೈದವರು ಯಾರೂ ಹೀಗೆ ಎದುರು ನಿಂತು ಕೈ ಹಿಡಿದಿರಲಿಲ್ಲ.

"ನಮ್ಮ ಚಿಯೊಕೊ ಆರಿಸಿದ ಕಾರ್ಡಿನ ಪೊಟ್ಟಣದಲ್ಲೇ ಬಂದಿದ್ದಲ್ವಾ ಆ ಕೊಕ್ಕರೆ," ಎತೋ ಹೇಳುತ್ತಲೇ ಇದ್ದರು. "ನಿನ್ನ ಪಟ್ಟಿ ನೋಡಿ, ಸ್ಟೇಷನ್ ಹತ್ರದ ದೊಡ್ಡ ಅಂಗಡಿಗೆ ಓಡಿದೆ. ಅಂಗಡಿಯವನು ಹದಿನೆಂಟು ಸಾವಿರ ಕೊಟ್ಟ. ನಾಳೆ ಬಂದಿದ್ರೆ ಹತ್ತೂ ಸಿಕ್ತಿರಲಿಲ್ಲ ಅಂದ. ಆ ದುಡ್ಡಲ್ಲಿ ಬೆಪ್ಪು ಊರಿನ ಬಿಸಿನೀರಿನ ಬುಗ್ಗೆ ಹತ್ರ ಎರಡು ರಾತ್ರಿ ಉಳಿಯೋದು ಆಗ್ಲಿಲ್ಲ ಬಿಡು, ಗಾಲಿಕುರ್ಚಿ ಹೋಗೋ ಕೋಣೆಗಳು ದುಬಾರಿ. ಗುರುವಾರ ಬೆಳಿಗ್ಗೆ ಹೋಗಿ ಸಂಜೆ ಬಂದ್ವಿ. ಬಿಸಿನೀರಲ್ಲಿ ಕಾಲಾದ್ರೂ ಇಳಿಬಿಟ್ಟು ಕೂತಿದ್ಲು."

ಎರಡು ವರ್ಷದ ಹಿಂದೆ ಎತೋ ಅವರ ಹೆಂಡತಿ ಚಿಯೊಕೊಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ, ಮಾತು ತಡವರಿಸುವಂತಾಗಿತ್ತು. ಎಡಗೈ ಪಳಗಲಿ, ಕಾರ್ಡ್ ಆಡಿಸಿ ಎಂದು ಆಸ್ಪತ್ರೆಯವರು ಹೇಳಿದ ಮೇಲೆಯೇ ಎತೋ ಅವರು ಈ ಅಂಗಡಿಯ ಮೆಟ್ಟಿಲು ಹತ್ತಿದ್ದು, ಎಪ್ಪತ್ತರ ವಯಸ್ಸಿನಲ್ಲಿ ಆಟ ಕಲಿತದ್ದು.

"ಎತೋ ಸಾನ್, ಆ ಸುದ್ದಿ ಸುಳ್ಳು," ಎಂದ ಇವಾಕಿರಿ.

"ಏನಂದೆ?"

"ಸುದ್ದಿ ಸುಳ್ಳಾಗಿತ್ತು."

ಎತೋ ಒಂದು ಕೈ ಬಿಡಿಸಿ ಕಿವಿಗೆ ಅಡ್ಡ ಹಿಡಿದು ಬಾಗಿದರು. "ಗಟ್ಟಿಯಾಗಿ ಹೇಳು ಮಾರಾಯ."

ಇವಾಕಿರಿ ಕೂಗಿಯೇ ಹೇಳಬೇಕಾಯಿತು. "ನಾನು ಹಾಕಿದ್ದು ಸುಳ್ಳು ಸುದ್ದಿ! ಆ ಕಾರ್ಡು ಮತ್ತೆ ಅಚ್ಚಾಗೋದಿಲ್ಲ!"

ಎತೋ ಅವನ ಇನ್ನೊಂದು ಕೈಯನ್ನೂ ಬಿಟ್ಟರು.

"ಈಗೆಷ್ಟಿದೆ?"

"ಒಂದು ಲಕ್ಷ ಮೂವತ್ತು ಸಾವಿರ."

ಹಿಸಾಯೆ ಎದ್ದು ಬಂದು ಕುರ್ಚಿ ಎಳೆದು ಕೊಟ್ಟಳು. ಎತೋ ಕೂತರು.

"ನಿನಗೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ. ಅನುಮಾನ ಇತ್ತು. ಖಚಿತವಲ್ಲ ಅಂತ ಬರೆದು ಅಳಿಸಿದೆ."

"ಯಾಕೆ?"

"ಹಾಗೆ ಬರೆದ್ರೆ ಯಾರೂ ಓದಲ್ಲ ಅನ್ನಿಸ್ತು."

"ನಮ್ಮ ಕುಲುಮೆ ಹತ್ರ ಅನುಮಾನ ಬಂದ್ರೇ ಗಂಟೆ ಹೊಡೀಬೇಕಿತ್ತು," ಎಂದರು ಎತೋ. ಅವರ ದನಿ ಮೊದಲ ಬಾರಿಗೆ ಸಣ್ಣಗಿತ್ತು. "ಖಚಿತ ಆಗ್ಲಿ ಅಂತ ಕಾದವರು ಯಾರೂ ಉಳೀಲಿಲ್ಲ."

"ಕಳಕೊಂಡಿದ್ದನ್ನ ನಾನೇ ತುಂಬಿ ಕೊಡ್ತೀನಿ," ಎಂದು ಇವಾಕಿರಿ ಸೊಂಟ ಬಗ್ಗಿಸಿದ. "ಸ್ವಲ್ಪ ಸಮಯ ಕೊಡಿ."

"ನಿನ್ನ ದುಡ್ಡಲ್ಲಿ ನಾವು ಸ್ನಾನಕ್ಕೆ ಹೋಗ್ಬೇಕಾ?" ಎತೋ ದಡಕ್ಕನೆ ಎದ್ದರು. ಕುರ್ಚಿ ಹಿಂದಕ್ಕೆ ಜರುಗಿ ಗೋಡೆಗೆ ಬಡಿಯಿತು. ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ತಿರುಗಿ ನೋಡದೆಯೇ ಹೇಳಿದರು. "ಚಿಯೊಕೊ ಕೆಳಗೆ ಕಾರಲ್ಲಿದ್ದಾಳೆ. ನಿನ್ನ ನೋಡ್ಬೇಕಂತೆ. ಒಳ್ಳೆ ಬೆಲೆ ಬಂತು ಅಂತ ಅವಳಿಗೆ ಹೇಳಿದೀನಿ. ನಾನೂ ಹಾಗೇ ನಂಬಿದ್ದೆ. ಬಂದು ನೀನೂ ಅದನ್ನೇ ಹೇಳು."

"ಸುಳ್ಳು ಹೇಳ್ಬೇಕಾ?"

"ಆ ಪ್ರಶ್ನೆ ಮೂರು ವಾರದ ಹಿಂದೆ ಕೇಳ್ಕೋಬೇಕಿತ್ತು."

ಕೆಳಗೆ ಒಣಮೀನಿನ ಅಂಗಡಿಗಳ ಓಣಿ ದಾಟಿ, ಹೊಳೆಯ ಪಕ್ಕದ ರಸ್ತೆಗೆ ಬಂದರು. ಸಣ್ಣ ಬಿಳಿ ಕಾರಿನ ಕಿಟಕಿ ಇಳಿದಿತ್ತು. ಒಳಗೆ ಚಿಯೊಕೊ, ತೊಡೆಯ ಮೇಲೊಂದು ಕಾಗದದ ಚೀಲ ಇಟ್ಟುಕೊಂಡು ಕೂತಿದ್ದರು. ಇವಾಕಿರಿಯನ್ನು ಕಂಡು ಅವರ ಮುಖದ ಅರ್ಧಭಾಗ ನಕ್ಕಿತು.

"ಒ...ಳ್ಳೆ... ಬೆಲೆ?"

ಇವಾಕಿರಿ ಎತೋ ಅವರತ್ತ ನೋಡಿದ. ಅವರು ಕಾರಿನ ಹಿಂದೆ ಹೋಗಿ, ಸರಿಯಾಗಿಯೇ ಮಡಚಿದ್ದ ಗಾಲಿಕುರ್ಚಿಯನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದರು.

"ಹೌದಮ್ಮ," ಎಂದ. "ಒಳ್ಳೆ ಬೆಲೆ. ನೀವು ಆರಿಸಿದ್ದಲ್ವಾ."

ಚಿಯೊಕೊ ತಲೆದೂಗಿದರು. ಎಡಗೈಯಿಂದ ಚೀಲದೊಳಗೆ ತಡಕಿ, ಬಿಸಿನೀರಿನ ಬುಗ್ಗೆಯ ಹಬೆಯಲ್ಲಿ ಬೇಯಿಸಿದ ಒಂದು ಮೊಟ್ಟೆ ತೆಗೆದು ಅವನ ಅಂಗೈಗಿಟ್ಟರು. ಅವನು ವಂದಿಸಿ ಅದನ್ನು ಜೇಬಿಗೆ ಹಾಕಿಕೊಳ್ಳಲು ಹೋದಾಗ ಬೇಡ ಬೇಡವೆಂದು ತಲೆಯಾಡಿಸಿ, ಬಾಯಿಯ ಕಡೆ ಬೆರಳು ತೋರಿಸಿದರು. ಇಲ್ಲೇ, ಈಗಲೇ.

ಇವಾಕಿರಿ ರಸ್ತೆಯಲ್ಲಿ ನಿಂತು ಸಿಪ್ಪೆ ಸುಲಿಯತೊಡಗಿದ. ಅದು ಬಿಳಿಯ ಭಾಗಕ್ಕೆ ಅಂಟಿಕೊಂಡು ಚೂರುಚೂರಾಗಿ ಬರುತ್ತಿತ್ತು. ಅವನಿಗೆ ಎಲ್ಲಿ ಹಾಕುವುದೆಂದು ತಿಳಿಯಲಿಲ್ಲ. ಚಿಯೊಕೊ ಕಿಟಕಿಯಿಂದ ಎಡಗೈ ಹೊರಚಾಚಿ, ಆ ಚೂರುಗಳಿಗಾಗಿ ಅಂಗೈ ಒಡ್ಡಿ ಹಿಡಿದರು.